ಒಗ್ಗಿಹೋಗುತ್ತದೆ

ಏಲೂರ್, ಕೊಚ್ಚಿ
೮ ಜೂನ್ ೨೦೨೫

ಮೇಧಾಳಿಗೆ,

ಅಪ್ಪ ಬರೆಯುವುದು. ನಾನು ಚೆನ್ನಾಗಿದ್ದೇನೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ.

ಫೋನ್ ಯಾಕೆ ಮಾಡಲಿಲ್ಲ ಅಂತ ನಿನಗೆ ಗೊತ್ತುಂಟು. ಫೋನಿನಲ್ಲಿ ನನಗೆ ಅರ್ಧ ಕೇಳುವುದಿಲ್ಲ, ಉಳಿದ ಅರ್ಧಕ್ಕೆ ನಿನಗೆ ತಾಳ್ಮೆ ಇಲ್ಲ. ನಿನ್ನ ಅಕ್ಕ ಹಟ ಮಾಡಿ ತೆಗೆಸಿಕೊಟ್ಟ ಕಿವಿಯ ಯಂತ್ರ ಮೇಜಿನ ಖಾನೆಯಲ್ಲಿ ಮಲಗಿದೆ. ಅದನ್ನು ಹಾಕಿಕೊಂಡರೆ ಫ್ಯಾನು, ಪಾತ್ರೆ, ಕಾಗೆ ಎಲ್ಲ ಒಟ್ಟಿಗೆ ತಲೆಯೊಳಗೆ ಬಂದು ಕೂರುತ್ತವೆ. ಅದಕ್ಕಿಂತ ಕಾಗದ ವಾಸಿ. ಕಾಗದ ನಡುವೆ ಎದ್ದು ನಿಂತು ಮಾತಾಡುವುದಿಲ್ಲ.

ಹೌದು ಮಾರಾಯ್ತಿ, ಆ ವಿಷಯಕ್ಕೇ ಬರುತ್ತಿದ್ದೇನೆ. ಮೇ ತಿಂಗಳ ಕೊನೆಯ ಭಾನುವಾರ, ನಮ್ಮ ಕನ್ನಡ ಸಂಘದ ಹಾಲ್. ವರ್ಷಗಟ್ಟಲೆ ಅಲ್ಲಿ ವಿಜ್ಞಾನದ ಭಾಷಣ ಮಾಡಿಕೊಂಡು ಬಂದವನು ನಾನು. ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ಓದಿ, ಕೇಳಿ, ಯೋಚಿಸಿ ಮಾಡಿದ ಭಾಷಣಗಳು. ಜಿರಾಫೆ ಎತ್ತರದ ಎಲೆಗೆ ಕತ್ತು ಚಾಚಿ ಚಾಚಿ ಉದ್ದ ಮಾಡಿಕೊಂಡ ಕಥೆ ಹೇಳಿದೆ. ಎಲ್ಲರೂ ತಲೆದೂಗಿದರು. ಕಾರ್ಯದರ್ಶಿ ಅಣ್ಣಪ್ಪ ನನ್ನ ಕಿವಿಯ ಹತ್ತಿರ ಬಂದು, "ದೇವದಾಸಣ್ಣ, ಮಂಗ ಹೋಗಿ ಮನುಷ್ಯ ಆದದ್ದು ಹೌದಾದರೆ ಈಗಲೂ ಮಂಗ ಯಾಕೆ ಉಂಟು?" ಅಂತ ಕೇಳಿದ. "ಪ್ರಯತ್ನಪಟ್ಟವು ಮನುಷ್ಯ ಆದವು, ಸೋಮಾರಿಗಳು ಮರದ ಮೇಲೇ ಬಾಕಿ" ಅಂದೆ. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ನೀನು ಎದ್ದೆ.

ನೀನು ಎಂತ ಹೇಳಿದೆ ಅಂತ ನನಗೆ ಕೇಳಲೂ ಇಲ್ಲ, ಗೊತ್ತುಂಟಾ? ನಿನ್ನ ಬಾಯಿ ಆಡುವುದು ಕಂಡಿತು. ಆಮೇಲೆ ಜನ ನಕ್ಕದ್ದು ಕಂಡಿತು. ನನ್ನ ಮಗಳು ನನ್ನ ಬಗ್ಗೆ ಹೇಳಿದ ಮಾತಿಗೆ ಊರೆಲ್ಲ ನಗುವುದು, ನನಗೆ ಮಾತ್ರ ಅದೇನೆಂದು ಗೊತ್ತಿಲ್ಲ. ಹಾಗಾಗಿ ಬರೆದು ಕಳಿಸು. ತಪ್ಪು ಎಲ್ಲಿ ಅಂತ ನಾನೂ ನೋಡುತ್ತೇನೆ.

ಬರೆಯುವ ಮೊದಲು ಒಂದು ತಿಳಿದಿರಲಿ. ಒಗ್ಗುವುದು ಅಂದರೆ ಏನು ಅಂತ ನಾನು ಪುಸ್ತಕದಲ್ಲಿ ಕಲಿತದ್ದಲ್ಲ. ಕಾರ್ಖಾನೆಯ ಕಂಪ್ರೆಸರ್ ಹೌಸಿಗೆ ಸೇರಿದ ಮೊದಲ ತಿಂಗಳು ತಲೆ ಒಡೆಯುವ ಹಾಗೆ ಆಗುತ್ತಿತ್ತು. ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆ. ಆಮೇಲೆ ಒಗ್ಗಿಹೋಯಿತು. ಹೊಸ ಹುಡುಗರು ಕಿವಿ ಮುಚ್ಚಿಕೊಂಡು ಓಡುವಾಗ ನಾನು ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದೆ. ಆ ಗದ್ದಲದಲ್ಲಿ ಕಿವಿ ಯಾರಿಗೆ ಬೇಕು? ಯಂತ್ರದ ಮೈಮೇಲೆ ಅಂಗೈ ಇಟ್ಟರೆ ಸಾಕು, ಬೇರಿಂಗ್ ಕೆಡುತ್ತಾ ಉಂಟೋ ಇಲ್ಲವೋ ಹೇಳುತ್ತಿದ್ದೆ. ಅಮ್ಮ ಇದ್ದಾಗ ಅವಳ ಮಿಕ್ಸಿಯನ್ನೂ ಹಾಗೇ ನೋಡುತ್ತಿದ್ದೆ, ನೆನಪುಂಟಾ?

ಅದ್ವೈತನಿಗೆ ಮಳೆ ಶುರುವಾದದ್ದೇ ಉಬ್ಬಸ. ಆರು ವರ್ಷದ ಮೊಮ್ಮಗನಿಗೆ ಬೆಳಿಗ್ಗೆ ಸಂಜೆ ಬಾಯಿಗೆ ಮದ್ದಿನ ಪಂಪು. ನಿನ್ನ ಅಕ್ಕ ಜೀವಿತಾ, ಡಾಕ್ಟರು ಹೇಳಿದ್ದೇ ವೇದ ಅನ್ನುತ್ತಾಳೆ. ನನಗೆ ಸರಿ ಕಾಣುವುದಿಲ್ಲ. ಊರುಗೋಲು ಕೊಟ್ಟ ಕಾಲು ಯಾವಾಗ ಗಟ್ಟಿಯಾಗುವುದು?

ನಿನ್ನ ಸಂಶೋಧನೆಯ ಮೀನುಗಳು ಹೇಗಿವೆ? ಎರಡು ನೀರಿನಲ್ಲಿ ಒಂದೇ ಮೀನು ಎರಡು ಬಗೆ ಆಗುತ್ತಿದೆ ಅಂದಿದ್ದೆ. ಅದರಲ್ಲಿ ಯಾವುದು ಅಸಲಿ, ಯಾವುದು ಬದಲಾದದ್ದು?

ಇತಿ,
ಅಪ್ಪ
(ದೇವದಾಸ)


ತಿರುವನಂತಪುರ
೧೯ ಜೂನ್ ೨೦೨೫

ಅಪ್ಪಾ,

ಉತ್ತರ ಬರೆದು ಬರೆದು ಹರಿದೆ. ಒಂದು ಕಡೆ ಕೂರಲಿಕ್ಕೇ ಆಗುತ್ತಿಲ್ಲ. ಬೆಳಿಗ್ಗೆ ವೇಳಿ ಹಿನ್ನೀರಿನಲ್ಲಿ ದೋಣಿ, ಬಲೆ. ಅಲ್ಲಿಂದ ಬಸ್ಸು ಹಿಡಿದು ವೆಳ್ಳಾಯಣಿ ಕೆರೆ. ಮೈಯಿಡೀ ಮೀನಿನ ವಾಸನೆ, ಪಕ್ಕದ ಸೀಟಿನವರು ಎದ್ದು ಹೋಗುತ್ತಾರೆ. ರೂಮಿಗೆ ಬಂದರೂ ಕಾಲು ನಿಲ್ಲುವುದಿಲ್ಲ, ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತಿರುತ್ತೇನೆ.

ಆ ದಿನ ನಾನು ಹೇಳಿದ್ದು ಇಷ್ಟೇ. ಮಂಗ ನಮ್ಮ ಅಜ್ಜ ಅಲ್ಲ, ದಾಯಾದಿ. ತುಂಬಾ ಹಿಂದೆ ಒಂದು ಜೀವಿ ಇತ್ತು, ಅದು ಮಂಗವೂ ಅಲ್ಲ, ಮನುಷ್ಯನೂ ಅಲ್ಲ. ಅದರ ಮಕ್ಕಳು ಬೇರೆ ಬೇರೆ ದಾರಿ ಹಿಡಿದರು. ಒಂದು ಕವಲು ಮಂಗಗಳಾಯಿತು, ಒಂದು ನಾವಾದೆವು. ಯಾರೂ ಯಾರನ್ನೂ ಹಿಂದೆ ಹಾಕಲಿಲ್ಲ, ಯಾರೂ ಸೋಮಾರಿಯಾಗಿ ಬಾಕಿ ಉಳಿಯಲಿಲ್ಲ. "ದಾಯಾದಿ" ಅಂದಾಗ ಅಣ್ಣಪ್ಪಣ್ಣ, "ಹಾಗಾದರೆ ಮಂಗಕ್ಕೂ ಆಸ್ತಿಯಲ್ಲಿ ಪಾಲು ಕೊಡಬೇಕಾ?" ಅಂದರು. ಜನ ನಕ್ಕದ್ದು ಅದಕ್ಕೆ. ನಿಮಗಲ್ಲ. ಎದ್ದು ಹೇಳಿದ್ದು ತಪ್ಪಾಯಿತು, ಹೇಳಿದ ಮಾತು ತಪ್ಪಲ್ಲ.

ಜಿರಾಫೆಯೂ ಅಷ್ಟೇ. ಯಾವ ಜಿರಾಫೆಯೂ ಕತ್ತು ಚಾಚಿ ಉದ್ದ ಮಾಡಿಕೊಂಡು ಅದನ್ನು ಮರಿಗೆ ಕೊಡಲಿಲ್ಲ. ಹುಟ್ಟುವಾಗಲೇ ಕೆಲವಕ್ಕೆ ಕತ್ತು ತುಸು ಉದ್ದ, ಕೆಲವಕ್ಕೆ ಗಿಡ್ಡ. ಉದ್ದದವು ಹೆಚ್ಚು ಬದುಕಿದವು, ಅವುಗಳ ಮರಿಗಳೂ ಹೆಚ್ಚು ಉಳಿದವು. ಗಿಡ್ಡದವು ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾದವು. ಬದಲಾದದ್ದು ಹಿಂಡು. ಒಂದೊಂದು ಜಿರಾಫೆ ಅಲ್ಲ.

ದೇಹ ಒಗ್ಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಗ್ಗ ಎಳೆದರೆ ಅಂಗೈ ದಪ್ಪವಾಗುತ್ತದೆ, ನನ್ನದು ಈಗ ಆಗಿದೆ. ಆದರೆ ನನ್ನ ಮಗು ಆ ಅಂಗೈ ಹೊತ್ತು ಹುಟ್ಟುವುದಿಲ್ಲ. ಎಲ್ಲದಕ್ಕೂ ದೇಹ ಒಗ್ಗುವುದೂ ಇಲ್ಲ. ಒಂದು ಹಿಂಡು ಯಾವುದಕ್ಕಾದರೂ ಒಗ್ಗಿತು ಅಂದರೆ ಅಲ್ಲಿ ಒಗ್ಗದವು ಸತ್ತಿವೆ ಅಂತ ಅರ್ಥ. ನೀವು ಆ ಭಾಗ ಯಾವತ್ತೂ ಭಾಷಣದಲ್ಲಿ ಹೇಳುವುದಿಲ್ಲ.

ನನ್ನ ಮೀನಿಗೆ ಇಲ್ಲಿ ಪಳ್ಳತ್ತಿ ಅನ್ನುತ್ತಾರೆ, ಹೆಬ್ಬೆರಳಿನಷ್ಟು ಉದ್ದ. ವೇಳಿಯ ಉಪ್ಪು ನೀರಿನವೂ ವೆಳ್ಳಾಯಣಿಯ ಸಿಹಿ ನೀರಿನವೂ ಬೇರೆಯಾಗುತ್ತಿವೆಯೋ ಎಂದು ನೋಡುತ್ತಿದ್ದೇನೆ. ಇನ್ನೂ ಗೊತ್ತಿಲ್ಲ. ಯಾವುದು ಅಸಲಿ ಅಂತ ಕೇಳಿದಿರಿ. ಎರಡೂ ಅಲ್ಲ. ಬೇರೆಯಾದ ದಿನದಿಂದ ಎರಡೂ ಬದಲಾಗುತ್ತಲೇ ಇರುತ್ತವೆ. ಇದ್ದಲ್ಲೇ ಇದ್ದದ್ದು ಹಾಗೇ ಉಳಿಯಿತು, ಹೋದದ್ದು ಮಾತ್ರ ಬದಲಾಯಿತು ಅನ್ನುವುದು ಮನುಷ್ಯರ ಲೆಕ್ಕ.

ನೀವು ಮೀನಿನ ಬಗ್ಗೆ ಮಾತ್ರ ಕೇಳಿದ್ದಲ್ಲ ಅಂತ ನನಗೆ ಗೊತ್ತು. ಅಮ್ಮ ಹೋದ ಮೇಲೆ ನಾನು ಮನೆ ಬಿಟ್ಟೆ, ಬದಲಾದೆ. ಅಕ್ಕ ಹಾಗೇ ಉಳಿದಳು. ನಿಮ್ಮ ಮನಸ್ಸಿನಲ್ಲಿ ಹಾಗೆ ಉಂಟಲ್ಲವಾ? ಅಕ್ಕನ ಮುಖವನ್ನು ಒಮ್ಮೆ ಸರಿಯಾಗಿ ನೋಡಿ, ಅಪ್ಪ.

ಅದ್ವೈತನ ಪಂಪು ತಪ್ಪಿಸಬೇಡಿ. ಅದು ಊರುಗೋಲಲ್ಲ. ಇದೊಂದನ್ನು ನನ್ನ ಮೇಲಿನ ಸಿಟ್ಟು ಬದಿಗಿಟ್ಟು ಓದಿ.

ನಿಮ್ಮ
ಮೇಧಾ


ಏಲೂರ್
೧೧ ಜುಲೈ ೨೦೨೫

ಮೇಧಾಳಿಗೆ,

ನಿನ್ನ ಕಾಗದ ತಿರುಗಿಸಿ ಮುರುಗಿಸಿ ಓದಿದೆ. ಬರವಣಿಗೆ ಚೆನ್ನಾಗಿದೆ, ನಾನು ಕಲಿಸಿದ ಅಕ್ಷರ. ವಿಷಯ ಒಪ್ಪಿಗೆಯಾಗಲಿಲ್ಲ. ಪುಸ್ತಕಕ್ಕೂ ಮೈಗೂ ವ್ಯತ್ಯಾಸ ಉಂಟು. ನನ್ನ ಕೈಯಲ್ಲಿ ಪುರಾವೆ ಉಂಟು, ಅದಕ್ಕೇ ಬರೆಯುತ್ತಿದ್ದೇನೆ.

ಜೀವಿತಾಳನ್ನು ಕಂಪನಿಯವರು ತರಬೇತಿಗೆ ಎರಡು ವಾರ ಚೆನ್ನೈಗೆ ಕಳಿಸಿದ್ದಾರೆ. ವಲ್ಲಾರ್‌ಪಾಡಂ ಬಂದರಿನಲ್ಲಿ ಕಂಟೇನರ್ ಎತ್ತುವುದಕ್ಕೆ ಹೊಸ ಸಾಫ್ಟ್‌ವೇರ್ ಅಂತೆ. ಅಳಿಯ ವಿನಾಯಕ್ ಹೇಗೂ ಹಡಗಿನ ಕೆಲಸದಲ್ಲಿ. ಮನೆಯಲ್ಲಿ ನಾನು ಮತ್ತು ಅದ್ವೈತ ಇಬ್ಬರೇ ಗಂಡಸರು. ಅವಳು ಹೋದ ದಿನದಿಂದ ಪಂಪು ನಿಲ್ಲಿಸಿದ್ದೇನೆ. ಅಲಮಾರಿನ ಮೇಲೆ ಇಟ್ಟಿದ್ದೇನೆ, ಜಿರಾಫೆಗೂ ಎಟುಕದು.

ಕೂಗಬೇಡ, ಪೂರ್ತಿ ಓದು. ಮೊದಲು ಸ್ವಲ್ಪ ಅತ್ತ. "ನೀನು ಏಲೂರಿನ ಮೂರನೆಯ ತಲೆಮಾರು. ಈ ಅಪ್ಪೂಪ್ಪ, ನಿನ್ನ ಅಜ್ಜ, ಕಾರ್ಖಾನೆಯ ಈ ಗಾಳಿ ಕುಡಿದು ಕುಡಿದು ಗಟ್ಟಿಯಾದದ್ದು, ಆ ಶಕ್ತಿ ನಿನ್ನ ರಕ್ತದಲ್ಲಿ ಉಂಟು, ಎಬ್ಬಿಸಬೇಕು ಅಷ್ಟೇ" ಅಂದೆ. ಜಿರಾಫೆಯ ಕಥೆ ಹೇಳಿದೆ. ಈಗ ಪಂಪು ಕೇಳುವುದೇ ಇಲ್ಲ. ದಿನಾ ಸಂಜೆ ಅವನ ಎದೆಗೆ ಕಿವಿ ಇಟ್ಟು ಕೇಳುತ್ತೇನೆ. ಮೊದಲು ನಿನ್ನ ಅಕ್ಕ "ಸೀಟಿ ಊದಿದ ಹಾಗೆ ಕೇಳುತ್ತದೆ" ಅನ್ನುತ್ತಿದ್ದಳಲ್ಲ, ಆ ಸೀಟಿ ಸುದ್ದಿಯೇ ಇಲ್ಲ. ಪೂರ್ತಿ ನಿಶ್ಶಬ್ದ!

ಮಗು ಎಷ್ಟು ಗಂಭೀರವಾಗಿದ್ದಾನೆ ಗೊತ್ತಾ? ಮೊದಲಿನ ಹಾಗೆ ಮನೆಯಿಡೀ ಓಡುವುದಿಲ್ಲ, ನನ್ನ ಪಕ್ಕದಲ್ಲೇ ಕೂತು ಚಿತ್ರದ ಪುಸ್ತಕ ನೋಡುತ್ತಾನೆ. ರಾತ್ರಿ ಟ್ಯಾಬಿನ ವಿಡಿಯೋದಲ್ಲಿ ಅಮ್ಮ ಬಂದರೆ ಕೈ ಬೀಸುತ್ತಾನೆ, ಹೆಚ್ಚು ಮಾತಿಲ್ಲ. ಮಲಗುವಾಗಲೂ ಬೆನ್ನಿಗೆ ದಿಂಬು ಕೊಟ್ಟು ಸಿಪಾಯಿಯ ಹಾಗೆ ಕೂತೇ ನಿದ್ದೆ ಮಾಡುತ್ತಾನೆ.

ಜೀವಿತಾಳಿಗೆ ಹೇಳಿಲ್ಲ. ಬಂದ ಮೇಲೆ ನೋಡಿ ಸಂತೋಷಪಡಲಿ. ನಿನಗೆ ಮಾತ್ರ ಹೇಳಿದ್ದು, ಯಾಕೆಂದರೆ ಪ್ರಯೋಗ ಅಂದರೆ ಏನು ಅಂತ ಈ ಮನೆಯಲ್ಲಿ ಗೊತ್ತಿರುವುದು ನಮ್ಮಿಬ್ಬರಿಗೆ. ಈಗ ಹೇಳು, ಅಪ್ಪ ಹೇಳಿದ್ದು ತಪ್ಪಾ?

ಇತಿ,
ಅಪ್ಪ


ರೈಲಿನಲ್ಲಿ
೧೫ ಜುಲೈ ೨೦೨೫

ಅಪ್ಪಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಿಮ್ಮ ಕೈಗೇ ಕೊಡುತ್ತೇನೆ. ಕೈ ಸುಮ್ಮನಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಬಂತು. ಅಕ್ಕನಿಗೆ ಫೋನ್ ಮಾಡಿದೆ, ತರಬೇತಿಯಲ್ಲಿ ಎತ್ತಲಿಲ್ಲ. ಮೆಸೇಜ್ ಹಾಕಿದೆ. ಪಕ್ಕದ ಮನೆಯ ಸೀತಮ್ಮನ ನಂಬರ್ ನನ್ನ ಹತ್ತಿರ ಇಲ್ಲ. ಮನೆಯ ಫೋನಿಗೆ ಮಾಡಿದರೆ ನಿಮಗೆ ರಿಂಗ್ ಕೇಳುವುದಿಲ್ಲ ಅಂತ ಗೊತ್ತು, ಆದರೂ ಮಾಡಿದೆ. ಪುಣ್ಯಕ್ಕೆ ಮಳೆಗೆ ಕಲೆಕ್ಟರು ಶಾಲೆಗೆ ರಜೆ ಕೊಟ್ಟಿದ್ದರು. ಅದ್ವೈತ ಎತ್ತಿದ.

"ಚಿಕ್ಕಮ್ಮಾ" ಅಂದ. ನಿಂತ. ಉಸಿರು ಎಳೆದ. "ಎನಿಕ್ಕು" ಅಂದ. ಮತ್ತೆ ಉಸಿರು. "ಪಂಪ್ ವೇಂಡ." ನನಗೆ ಪಂಪು ಬೇಡ ಅನ್ನಲಿಕ್ಕೆ ಆ ಮಗುವಿಗೆ ಅಷ್ಟು ಹೊತ್ತು ಬೇಕಾಯಿತು. ಪ್ರತಿ ಮಾತಿನ ನಡುವೆ ಸೀಟಿ, ಅಪ್ಪ. ಇನ್ನೂರು ಕಿಲೋಮೀಟರ್ ದೂರದಲ್ಲಿ, ಫೋನಿನಲ್ಲಿ, ಮಳೆಯ ಸದ್ದಿನ ನಡುವೆ ನನಗೆ ಕೇಳಿತು. ನೀವು ಎದೆಗೆ ಕಿವಿ ಇಟ್ಟಿರಿ, ನಿಮಗೆ ಕೇಳಲಿಲ್ಲ.

ಸೀಟಿ ನಿಂತಿಲ್ಲ. ಅದು ಸಣ್ಣ, ತೀಕ್ಷ್ಣವಾದ ಶಬ್ದ. ನಿಮ್ಮ ಕಿವಿಯಿಂದ ಮೊದಲು ಹೋದದ್ದು ಅಂಥ ಶಬ್ದಗಳೇ. ನಿಮಗೆ ಈಗ ಹಕ್ಕಿ ಕೂಗುವುದೂ ಕೇಳುವುದಿಲ್ಲ.

ಫೋನ್ ಅಪ್ಪೂಪ್ಪನಿಗೆ ಕೊಡು ಅಂದೆ. ನೀವು "ಹಲೋ, ಯಾರು? ಎಂತ? ಕೇಳುವುದಿಲ್ಲ" ಅಂದು ಇಟ್ಟುಬಿಟ್ಟಿರಿ. ನಾನು ಕಿರುಚುತ್ತಿದ್ದೆ. ಲ್ಯಾಬಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮತ್ತೆ ಮಾಡಿದೆ, ಮತ್ತೆ ಅವನೇ ಎತ್ತಿದ. ಏನು ಹೇಳಲಿ? ಆರು ವರ್ಷದ ಮಗು ಅಲಮಾರು ಹತ್ತುತ್ತದಾ? ಆಗ ನಿಮ್ಮ ಮೊದಲ ಕಾಗದ ನೆನಪಾಯಿತು. ಅಮ್ಮನ ಮಿಕ್ಸಿ ನೆನಪಾಯಿತು. "ಪುಟ್ಟಾ, ಅಪ್ಪೂಪ್ಪನ ಕೈ ಹಿಡಿದುಕೋ. ನಿನ್ನ ಎದೆಯ ಮೇಲೆ ಇಡು. ಬಿಡಬೇಡ, ಗಟ್ಟಿ ಒತ್ತಿ ಹಿಡಿ" ಅಂದೆ. ರಿಸೀವರ್ ಕೆಳಗೆ ಬಿದ್ದ ಸದ್ದು ಕೇಳಿತು. ಆಮೇಲೆ ಮಳೆ ಮಾತ್ರ.

ಕೊಲ್ಲಂ ದಾಟಿತು. ಆಗಿನಿಂದ ಮಾಡುತ್ತಲೇ ಇದ್ದೇನೆ, ಲೈನ್ ಸಿಗುತ್ತಿಲ್ಲ. ಈ ರೈಲು ಸ್ಟೇಷನ್ ಸ್ಟೇಷನಿಗೂ ನಿಲ್ಲುತ್ತದೆ. ಬಾಗಿಲಿನ ಹತ್ತಿರ ಹೋಗುತ್ತೇನೆ, ಬರುತ್ತೇನೆ. ಎದುರು ಕೂತ ಹೆಂಗಸು "ಎಂದಾ ಮೋಳೇ?" ಏನಾಯಿತು ಮಗಳೇ ಅಂತ ಕೇಳಿದಳು, ಅಳು ಬಂತು.

ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಅಂದರೆ ಹೇಳಲಾಗದು. ಇಷ್ಟು ದಿನದ ಮೇಲೆ ನೀವು ನನ್ನನ್ನೊಬ್ಬಳನ್ನೇ ನಂಬಿ ಹೇಳಿದ್ದು ಇದು. ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೆ ನಾನು ಈಗ ನಿಮ್ಮನ್ನು ಬೈಯಲೋ, ನಿಮ್ಮ ಕಾಲು ಹಿಡಿಯಲೋ?

ಅಕ್ಕನ ಹೆಸರು ಫೋನಿನಲ್ಲಿ ಬರುತ್ತಿದೆ. ಪೆನ್ನು ಇಡುತ್ತೇನೆ.

ಮೇಧಾ


ಏಲೂರ್
೨೪ ಆಗಸ್ಟ್ ೨೦೨೫

ಮೇಧಾಳಿಗೆ,

ಆಸ್ಪತ್ರೆಯಲ್ಲಿ ನೀನು ನನ್ನ ಕೈಗೆ ಕೊಟ್ಟ ಕಾಗದ ಇಷ್ಟು ದಿನ ಒಡೆಯಲಿಲ್ಲ. ಧೈರ್ಯ ಬರಲಿಲ್ಲ. ಮೊನ್ನೆ ಓದಿದೆ. ಅಲ್ಲಿ ನೀನು ನನ್ನ ಮುಂದೆ ಚಹಾ ತಂದಿಟ್ಟೆ ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಆ ದಿನ ಏನಾಯಿತೆಂದು ನೀನು ಕೇಳಲಿಲ್ಲ, ಜೀವಿತಾ ಕೇಳಲೊಲ್ಲಳು. ಯಾರಿಗಾದರೂ ಹೇಳಬೇಕು. ಅವನು ಬಂದು ನನ್ನ ಕೈ ಹಿಡಿದ. ಆಟ ಅಂದುಕೊಂಡು ನಕ್ಕೆ. ಎದೆಯ ಮೇಲೆ ಒತ್ತಿ ಹಿಡಿದ, ಎರಡೂ ಕೈಯಲ್ಲಿ. ಅಂಗೈಗೆ ಗೊತ್ತಾಯಿತು, ಮಗಳೇ. ಕ್ಷಣವೂ ಬೇಕಾಗಲಿಲ್ಲ. ಒಳಗೆ ಗರಗಸ ಎಳೆದ ಹಾಗೆ ನಡುಕ, ಪಕ್ಕೆಲುಬು ಒಳಕ್ಕೆ ಒಳಕ್ಕೆ ಹೋಗುತ್ತಾ ಉಂಟು. ಯಂತ್ರವಾಗಿದ್ದರೆ ಆ ಕ್ಷಣವೇ ಸ್ವಿಚ್ ಆರಿಸುತ್ತಿದ್ದೆ. ಮಗುವಿಗೆ ಎಲ್ಲಿ ಸ್ವಿಚ್ಚು? ಕುರ್ಚಿ ಹಾಕಿ ಪಂಪು ತೆಗೆದೆ, ಕೈಜಾರಿ ಕೆಳಗೆ ಬಿತ್ತು. ಅವನೇ ಎತ್ತಿಕೊಂಡ. ಎತ್ತಿಕೊಂಡು ನನ್ನ ಮುಖ ನೋಡಿದ, ಬಾಯಿಗಿಡಲಿಕ್ಕೆ ನನ್ನ ಅಪ್ಪಣೆ ಬೇಕು ಎನ್ನುವ ಹಾಗೆ. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ನಾನು ಕೂಗಿದ ಕೂಗಿಗೆ ಸೀತಮ್ಮ ಓಡಿ ಬಂದರು. "ಅಯ್ಯೋ ದೇವರೇ, ಮಗುವಿನ ತುಟಿ ನೀಲಿ ಆಗಿದೆ, ನಿಮಗೆ ಕಾಣುವುದಿಲ್ಲವಾ?" ಅಂದರು. ಆಟೋ ನಿಲ್ಲಿಸಿದ್ದು ಅವರೇ. ಇನ್ನು ಸ್ವಲ್ಪ ತಡವಾಗಿದ್ದರೆ ಅಂತ ಡಾಕ್ಟರು ಶುರು ಮಾಡಿದರು, ನಾನು ಎದ್ದು ಹೊರಗೆ ಹೋದೆ.

ಈಗ ಆರಾಮಾಗಿದ್ದಾನೆ. ಓಡುತ್ತಾನೆ, ಕೂಗುತ್ತಾನೆ, ಮಲಗಿಯೇ ನಿದ್ದೆ ಮಾಡುತ್ತಾನೆ. ಶಾಲೆಯಿಂದ ಬಂದ ಮೇಲೆ ಜೀವಿತಾ ಅವನನ್ನು ಸೀತಮ್ಮನ ಮನೆಯಲ್ಲಿ ಬಿಡುತ್ತಾಳೆ, ನನ್ನ ಹತ್ತಿರ ಅಲ್ಲ. ಪಂಪು ಅವಳ ಚೀಲದಲ್ಲಿ, ಇನ್ನೊಂದು ಸೀತಮ್ಮನ ಹತ್ತಿರ. ನನಗೆ ಊಟ ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ನೀನು ಬರೆದಿದ್ದೆ, ಅಕ್ಕನ ಮುಖ ಸರಿಯಾಗಿ ನೋಡಿ ಅಂತ. ಈಗ ನೋಡುತ್ತೇನೆ. ನನ್ನ ಪರವಾಗಿ ನೀನು ಅವಳ ಹತ್ತಿರ ಮಾತಾಡಬೇಡ. ಅವಳು ಮಾಡುವುದು ಸರಿಯೇ.

ಖಾನೆಯಿಂದ ಯಂತ್ರ ತೆಗೆದು ಕಿವಿಗೆ ಹಾಕಿಕೊಂಡಿದ್ದೇನೆ. ಮೊದಲ ದಿನ ತಲೆ ಸಿಡಿಯಿತು. ಎರಡನೆಯ ದಿನ ಅಂಗಳದಲ್ಲಿ ಒಂದು ಹಕ್ಕಿ ಸಣ್ಣಗೆ ಕೂಗಿತು. ಎಷ್ಟು ವರ್ಷವಾಗಿತ್ತೋ ಕೇಳದೆ! ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಕಂಪ್ರೆಸರ್ ಹೌಸಿನಲ್ಲಿ ನನಗೆ ಏನೂ ಒಗ್ಗಲಿಲ್ಲ, ಮೇಧಾ. ನಾನು ಒಗ್ಗಿತು ಅಂತ ಖುಷಿಪಡುತ್ತಿದ್ದಾಗ ಕಿವಿ ಸಾಯುತ್ತಾ ಇತ್ತು. ಅದನ್ನು ಕಥೆ ಮಾಡಿ ಮಗುವಿಗೆ ಹೇಳಿದೆ.

ನಿನ್ನೆ ಜೀವಿತಾ ಅಡುಗೆಮನೆಯಲ್ಲಿದ್ದಾಗ ಅದ್ವೈತ ನನ್ನ ಹತ್ತಿರ ಬಂದು ಕೂತ. ಜಿರಾಫೆಯ ಕಥೆ ಸುಳ್ಳು ಅಂತ ಹೇಳಿಬಿಟ್ಟೆ. ನೀನು ಬರೆದ ಹಾಗೆ, ಹುಟ್ಟುವಾಗಲೇ ಕೆಲವಕ್ಕೆ ಉದ್ದ, ಕೆಲವಕ್ಕೆ ಗಿಡ್ಡ, ಉದ್ದದವು ಉಳಿದವು ಅಂದೆ. ಆಮೇಲೆ, "ಅಪ್ಪೂಪ್ಪಾ, ಚೆರಿಯ ಕಳುತ್ತುಳ್ಳವ ಎವಿಡೆ ಪೋಯಿ?" ಅಂದ. ಗಿಡ್ಡ ಕತ್ತಿನವು ಎಲ್ಲಿಗೆ ಹೋದವು ಅಂತ. ಸಣ್ಣ ಸ್ವರದಲ್ಲೇ ಕೇಳಿದ್ದು. ಪೂರ್ತಿ ಕೇಳಿಸಿತು.

ಓಣಂ ಕಳೆದು ಬರುವ ಸೆಪ್ಟೆಂಬರ್ ಹದಿನಾಲ್ಕಕ್ಕೆ ಸಂಘದಲ್ಲಿ ಮತ್ತೆ ನನ್ನ ಭಾಷಣ. ಬೇಡ ಅಂದೆ, ಅಣ್ಣಪ್ಪ ಬಿಡಲಿಲ್ಲ. ಹಾಗಾದರೆ ಈ ಸಲ ಗಿಡ್ಡ ಕತ್ತಿನವುಗಳ ಬಗ್ಗೆ ಮಾತಾಡುತ್ತೇನೆ ಅಂದೆ. ನನಗೆ ಪೂರ್ತಿ ಗೊತ್ತಿಲ್ಲ, ತಪ್ಪು ಆಗೇ ಆಗುತ್ತದೆ. ನೀನು ಬಾ. ಹಿಂದೆ ಕೂರಬೇಡ, ಮುಂದಿನ ಸಾಲಿನಲ್ಲಿ ಕೂತುಕೋ. ತಪ್ಪಿದ ಕಡೆ ಎದ್ದು ನಿಂತು ಹೇಳು.

ಈಗ ನನಗೆ ಕೇಳುತ್ತದೆ.

ಇತಿ,
ನಿನ್ನ ಅಪ್ಪ